ಕಡತದಿಂದ ಪದವಿಪತ್ರದವರೆಗೆ: ಹಾಸನ ಸೀಮೆಯಲ್ಲಿ ಲೆಕ್ಕ ಬಲ್ಲವನ ಮೊದಲ ನೌಕರಿ



ಕೆಲವು ವರ್ಷಗಳ ಕೆಳಗೆ ಒಂದು ಸಾಯಂಕಾಲ ಚನ್ನರಾಯಪಟ್ಟಣದ ಕಡೆಯ ರೈತರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗನು ಆ ವರ್ಷವೇ ಬಿ.ಕಾಂ. ಪದವಿಯನ್ನು ಪಡೆದಿದ್ದನು, ನಮ್ಮಲ್ಲಿ ಆರ್ಥಿಕ ಚರಿತ್ರೆಯನ್ನು ಕಲಿತವನು. ತಂದೆಯು ಹೆಚ್ಚು ಪೀಠಿಕೆಯಿಲ್ಲದೆ ಕೇಳಿದರು: “ಮೇಷ್ಟ್ರೆ, ವಕೀಲಿ ಓದಿದವನು ಕೋರ್ಟಿಗೆ ಹೋಗ್ತಾನೆ, ಡಾಕ್ಟರಿ ಓದಿದವನು ಆಸ್ಪತ್ರೆಗೆ ಹೋಗ್ತಾನೆ. ನಮ್ಮ ಹುಡುಗ ಓದಿರೋದಕ್ಕೆ ಬಾಗಿಲು ಯಾವುದು ಸ್ವಾಮಿ?” ಬ್ಯಾಂಕು, ಸರ್ಕಾರಿ ಪರೀಕ್ಷೆ ಎಂದು ನಾವು ಏನೋ ನಾಲ್ಕು ಮಾತು ಹೇಳಿ ಕಳುಹಿಸಿದೆವು. ಆ ಉತ್ತರ ಅವರಿಗೂ ತೃಪ್ತಿಯನ್ನು ಕೊಡಲಿಲ್ಲ, ನಮಗೂ ಕೊಡಲಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಊರುಗಳ ಸೀಮೆಯಲ್ಲಿ ಲೆಕ್ಕ ಬಲ್ಲವನಿಗೆ ಮೊದಲ ಉದ್ಯೋಗವು ಯಾವ ಯಾವ ಕಾಲದಲ್ಲಿ ಯಾವ ಯಾವ ಬಾಗಿಲಿನಿಂದ ಬಂದಿತೆಂಬುದನ್ನು ಆಮೇಲೆ ಸ್ವಲ್ಪ ವಿಚಾರಿಸಿದೆವು. ಅದನ್ನೇ ಇಲ್ಲಿ ಹೇಳಲಿದ್ದೇವೆ.

ಹಿಂದಿನ ಕಾಲದಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಗ್ರಾಮದ ಲೆಕ್ಕವು ಶಾನುಭೋಗರದು. ಶಾನುಭೋಗಿಕೆಯು ವಂಶಪಾರಂಪರ್ಯವಾಗಿ ಬರುವ ಹಕ್ಕು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಡತದ ಮೇಲೆ ಬಳಪದಿಂದ ಅವರು ಬರೆಯುತ್ತಿದ್ದರು. ಒರಸಿ ಮತ್ತೆ ಬರೆಯಬಹುದಾದ ಈ ಪುಸ್ತಕವನ್ನು ಕಂಡು, ಮೈಸೂರಿನ ಚರಿತ್ರೆಯನ್ನು ಬರೆದ ಮಾರ್ಕ್ ವಿಲ್ಕ್ಸನು ಅದರ ವರ್ಣನೆಯನ್ನು ತನ್ನ ಗ್ರಂಥದಲ್ಲಿ ಸೇರಿಸಿದನು. ಶಾನುಭೋಗರ ಮಗನು ತಂದೆಯ ಪಕ್ಕದಲ್ಲಿ ಕುಳಿತು ಮೊದಲು ಮಗ್ಗಿ, ಬಳಿಕ ಖಿರ್ದಿ, ಖಾತೆ, ಕೊನೆಗೆ ಜಮಾಬಂದಿಯ ಗುಟ್ಟುಗಳನ್ನು ಕಲಿಯುವನು. ತಂದೆಯ ಕಣ್ಣು ಮಂಜಾಗುವ ಹೊತ್ತಿಗೆ ಮಗನ ಕೈ ಪಳಗಿರುವುದು. ಪೊಟಗಿಯು ಅಲ್ಪವಾದರೂ ಊರಿನಲ್ಲಿ ಮಾತು ನಡೆಯುವುದು. ಅರ್ಜಿಯೂ ಇಲ್ಲ, ಸಂದರ್ಶನವೂ ಇಲ್ಲ.

ಇದನ್ನು ಸುವರ್ಣಯುಗವೆಂದು ಬಣ್ಣಿಸುವವರು ಉಂಟು. ನಾವು ಆ ಗುಂಪಿಗೆ ಸೇರಲಾರೆವು. ಒಂದು ಮನೆಯ ಮಗನಿಗೆ ಹುಟ್ಟಿನಿಂದಲೇ ತೆರೆದಿದ್ದ ಬಾಗಿಲು ಊರಿನ ಮಿಕ್ಕ ಮನೆಗಳ ಮಕ್ಕಳಿಗೆ ಹುಟ್ಟಿನಿಂದಲೇ ಮುಚ್ಚಿದ್ದಿತು. ನಮ್ಮನ್ನು ಕಾಣಲು ಬಂದ ಆ ಯಜಮಾನರೇ ಹೇಳಿದಂತೆ, ಅವರ ತಾತನು ಶಾನುಭೋಗರ ಜಗಲಿಯ ಕೆಳಗೆ ನಿಂತು, ಕಡತದಲ್ಲಿ ತನ್ನ ಕಂದಾಯ ಬರೆದಿದೆಯೋ ಇಲ್ಲವೋ ಎಂದು ಕೇಳಿ ತಿಳಿದುಕೊಳ್ಳಬೇಕಾಗಿದ್ದಿತು. ಓದಿ ತಿಳಿಯುವ ಶಕ್ತಿ ಅವನಿಗೆ ಇರಲಿಲ್ಲ. ಈ ಹಕ್ಕು ಕಾಯಿದೆಯಿಂದ ಹೋದದ್ದು ಬಹಳ ತಡವಾಗಿ: ಗ್ರಾಮಾಧಿಕಾರಗಳನ್ನು ರದ್ದುಮಾಡುವ ಶಾಸನ 1961ರದು, ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು.

ಎರಡನೆಯ ಬಾಗಿಲು ತಾಲ್ಲೂಕು ಕಛೇರಿಯದು. ಇಲ್ಲಿಗೆ ಪ್ರವೇಶ ದೊರೆಯುತ್ತಿದ್ದುದು ಉಮೇದುವಾರಿಯಿಂದ. ಉಮೇದುವಾರನೆಂದರೆ ಸಂಬಳವಿಲ್ಲದ ಗುಮಾಸ್ತನೆಂದೇ ತಿಳಿಯಬಹುದು. ಅಮಲ್ದಾರರಿಗೋ ಶಿರಸ್ತೇದಾರರಿಗೋ ಪರಿಚಿತರಾದ ಒಬ್ಬರ ಮಾತಿನ ಮೇಲೆ ಹುಡುಗನು ಕಛೇರಿಯ ಮೂಲೆಯಲ್ಲಿ ಕುಳಿತು ನಕಲು ತೆಗೆಯಲು ಆರಂಭಿಸುವನು. ತಿಂಗಳುಗಳು ಕಳೆಯುವುವು, ಕೆಲವೊಮ್ಮೆ ವರ್ಷಗಳೇ ಕಳೆಯುವುವು. ಯಾರಾದರೂ ನಿವೃತ್ತರಾದರೆ, ಇಲ್ಲವೆ ಕಾಲವಾದರೆ, ಒಂದು ಸ್ಥಳ ಖಾಲಿಯಾಗುವುದು. ಅಲ್ಲಿಯವರೆಗೆ ಊಟಕ್ಕೆ ಮನೆಯ ಗದ್ದೆಯೇ ಗತಿ. ಆದುದರಿಂದ ಗದ್ದೆಯಿದ್ದವನಿಗೆ ಮಾತ್ರ ಉಮೇದುವಾರಿ ಮಾಡುವ ಶಕ್ತಿ. ಬಡವನ ಮಗನಿಗೆ ಸಂಬಳವಿಲ್ಲದೆ ಕಾಯುವ ಸೌಕರ್ಯವೆಲ್ಲಿಂದ ಬಂದೀತು? ಈ ಮಾತನ್ನು ಶ್ರೋತೃಗಳು ಜ್ಞಾಪಕದಲ್ಲಿಡಬೇಕೆಂದು ಪ್ರಾರ್ಥನೆ. ಮುಂದೆ ಇದು ಮತ್ತೆ ಬರುವುದು.

ಉನ್ನತ ಹುದ್ದೆಗಳಿಗೆ ಶೇಷಾದ್ರಿ ಅಯ್ಯರವರ ದಿವಾನಗಿರಿಯಲ್ಲಿ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸಿನ ಸ್ಪರ್ಧಾ ಪರೀಕ್ಷೆಯು ಏರ್ಪಟ್ಟಿತು. ಅದು ಬೆರಳೆಣಿಕೆಯ ಮಂದಿಗೆ. ವಾಣಿಜ್ಯ ವಿದ್ಯೆಗೆ ಒಂದು ಗೌರವ ಬಂದದ್ದು ವಿಶ್ವೇಶ್ವರಯ್ಯನವರ ಕಾಲದಲ್ಲಿ. 1911ರಲ್ಲಿ ಆರ್ಥಿಕ ಸಮ್ಮೇಳನ, 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ. ಅದೇ 1913ರಲ್ಲಿ ಬೊಂಬಾಯಿಯಲ್ಲಿ ಸಿಡನ್‌ಹ್ಯಾಂ ವಾಣಿಜ್ಯ ಕಾಲೇಜು ಆರಂಭವಾಗಿ, ವ್ಯಾಪಾರವೂ ಕಾಲೇಜಿನಲ್ಲಿ ಕಲಿಯಬಹುದಾದ ವಿದ್ಯೆಯೆಂಬ ಭಾವನೆ ದೇಶದಲ್ಲಿ ಬೇರೂರತೊಡಗಿತು. 1918ರ ಹೊತ್ತಿಗೆ ಮೈಸೂರಿನಿಂದ ಹೊಳೆನರಸೀಪುರ, ಹಾಸನಗಳ ಮೇಲೆ ಅರಸೀಕೆರೆಗೆ ರೈಲು ಓಡಿತು. ಚನ್ನರಾಯಪಟ್ಟಣದ ಮೇಲೆ ಹಾಸನದಿಂದ ನೇರವಾಗಿ ಬೆಂಗಳೂರಿಗೆ ರೈಲು ಹೋಗಬೇಕಾದರೆ 2017ರವರೆಗೆ ಕಾಯಬೇಕಾಯಿತು. ಅರಕಲಗೂಡಿಗೆ ಇಂದಿಗೂ ರೈಲಿಲ್ಲ.

ಆದರೆ ಪದವಿಯನ್ನು ಪಡೆದವರು ವ್ಯಾಪಾರಕ್ಕೆ ಹೋದರೆ? ಬಹುಪಾಲು ಇಲ್ಲ. ಎಲ್ಲರ ದೃಷ್ಟಿಯೂ ಸರ್ಕಾರದ ಕಡೆಗೇ. ಸರ್ಕಾರದ ಬಾಗಿಲಲ್ಲಿಯೂ ಜಾತಿಯ ಪ್ರಶ್ನೆ ನಿಂತಿದ್ದಿತು. 1918ರಲ್ಲಿ ಮುಖ್ಯ ನ್ಯಾಯಾಧೀಶರಾದ ಸರ್ ಲೆಸ್ಲಿ ಮಿಲ್ಲರವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯು, ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಮೆಯಿಲ್ಲದಂತೆಯೂ ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಮೆಯಿಲ್ಲದಂತೆಯೂ ಹಿಂದುಳಿದ ವರ್ಗಗಳಿಗೆ ದೊರೆಯಬೇಕೆಂದು ಶಿಫಾರಸು ಮಾಡಿತು. 1921ರಲ್ಲಿ ಸರ್ಕಾರದ ಆಜ್ಞೆಯಾಯಿತು. ಯೋಗ್ಯತೆಯೊಂದೇ ಅಳತೆಗೋಲಾಗಿರಬೇಕೆಂಬ ವಿಶ್ವೇಶ್ವರಯ್ಯನವರ ಅಭಿಪ್ರಾಯವು ಪ್ರಸಿದ್ಧವಾಗಿಯೇ ಇದೆ. ಆ ಮಹನೀಯರಲ್ಲಿ ನಮಗಿರುವ ಭಕ್ತಿಗೆ ಕೊರತೆಯಿಲ್ಲ. ಆದರೂ, ಅಳತೆಗೋಲು ಸಿಕ್ಕುವ ಮನೆ ಯಾವುದು, ಸಿಕ್ಕದ ಮನೆ ಯಾವುದು ಎಂಬುದನ್ನು ಜಗಲಿಯ ಕೆಳಗೆ ನಿಂತವನ ಮೊಮ್ಮಗನು ಕೇಳಿದರೆ ನಾವು ತಲೆತಗ್ಗಿಸಬೇಕಾದೀತು.

ಸರ್ಕಾರವನ್ನು ಬಿಟ್ಟರೆ ಈ ಜಿಲ್ಲೆಯಲ್ಲಿ ಲೆಕ್ಕ ಬಲ್ಲವನಿಗೆ ಅನ್ನ ಕೊಟ್ಟದ್ದು ಕಾಫಿ. ಮಂಜರಾಬಾದಿನ ತೋಟಗಳಲ್ಲಿ ದೊರೆಗಳ ಕೈಕೆಳಗೆ ‘ರೈಟರ್’ ಎಂಬ ಒಬ್ಬನಿರುತ್ತಿದ್ದನು. ಆಳುಗಳ ಹಾಜರಿ, ಬಟವಾಡೆ, ಮೂಟೆಗಳ ಲೆಕ್ಕ ಇವೆಲ್ಲವೂ ಅವನ ಪಾಲಿಗೆ. ಮಳೆ, ಜಿಗಣೆ, ಮಲೇರಿಯಾ ಜ್ವರಗಳೂ ಅವನ ಪಾಲಿಗೇ. ಅತ್ತ ಘಟ್ಟದ ಕೆಳಗೆ ಮಂಗಳೂರು, ಉಡುಪಿಗಳಲ್ಲಿ 1906ರಿಂದ ಮೊದಲ್ಗೊಂಡು ಒಂದರ ಹಿಂದೆ ಒಂದು ಬ್ಯಾಂಕು ಹುಟ್ಟಿದುವು. ಅಂದಿನ ಬ್ಯಾಂಕುಗಳಲ್ಲಿ ನೌಕರಿಗೆ ಪರಿಚಯವೇ ಅರ್ಧ ಅರ್ಹತೆ; ನಗದು ಮುಟ್ಟುವವನು ಜಾಮೀನನ್ನೂ ಒದಗಿಸಬೇಕಾಗಿದ್ದಿತು.

ಇನ್ನೊಂದು ದಾರಿ ಲೆಕ್ಕ ಪರಿಶೋಧನೆಯದು. 1918ರಲ್ಲಿ ಬೊಂಬಾಯಿಯಲ್ಲಿ ಆರಂಭವಾದ ಸರ್ಕಾರಿ ಅಕೌಂಟೆನ್ಸಿ ಡಿಪ್ಲೊಮಾ, 1932ರ ನಿಯಮಗಳ ಮೇರೆಗೆ ರಿಜಿಸ್ಟರ್ಡ್ ಅಕೌಂಟೆಂಟರು, 1949ರ ಶಾಸನದಿಂದ ಚಾರ್ಟರ್ಡ್ ಅಕೌಂಟೆಂಟರು, ಹೀಗೆ ಈ ವೃತ್ತಿಯು ರೂಪುಗೊಂಡಿತು. ಇದರಲ್ಲಿ ಸೇರುವವನು ಹಿರಿಯರೊಬ್ಬರಲ್ಲಿ ಕೆಲವು ವರ್ಷ ಅಭ್ಯಾಸಿಯಾಗಿರಬೇಕು. ಹಿಂದೆ ಇದಕ್ಕೆ ಪ್ರೀಮಿಯಂ ಎಂದು ಅಭ್ಯಾಸಿಯೇ ಹಣ ಕೊಡುವ ವಾಡಿಕೆಯಿದ್ದಿತು! ಉಮೇದುವಾರಿಯು ಕೋಟು ತೊಟ್ಟು ಬಂದಿತೆಂದು ಬೇರೆ ಹೇಳಬೇಕೆ? ಈಗ ಆ ವಾಡಿಕೆ ಹೋಗಿದೆ. ಹಿರಿಯರೇ ಸ್ಟೈಪೆಂಡು ಕೊಡಬೇಕು, ಅದು ಎಷ್ಟೇ ಅಲ್ಪವಾಗಿರಲಿ.

1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡ ಮೇಲೆ ನಿಜವಾದ ಬದಲಾವಣೆಯಾಯಿತು. ಶಾಖೆಗಳು ಹಳ್ಳಿಗಳಿಗೆ ಬಂದುವು. ನೇಮಕವು ಬರೆವಣಿಗೆಯ ಪರೀಕ್ಷೆಯಿಂದಾಯಿತು. ಅರಕಲಗೂಡಿನ ಹುಡುಗನು ಯಾರ ಪರಿಚಯವೂ ಇಲ್ಲದೆ ಗುಮಾಸ್ತನಾಗಬಹುದಾಯಿತು, ಹುಡುಗಿಯೂ ಆಗಬಹುದಾಯಿತು. 1970ರ ದಶಕದಿಂದ ಹಾಲಿನ ಸಹಕಾರ ಸಂಘಗಳು ಹಾಸನ ಜಿಲ್ಲೆಯಲ್ಲಿ ಹರಡಿ, ಹಳ್ಳಿಹಳ್ಳಿಗೂ ಲೆಕ್ಕ ಬರೆಯುವ ಕಾರ್ಯದರ್ಶಿಯೊಬ್ಬ ಬೇಕಾದನು. ಶಾನುಭೋಗರ ಜಗಲಿಗೆ ಹೋಗದಿದ್ದ ಮನೆಗಳಿಂದಲೇ ಹಲವರು ಬಂದರು. ರಾಮನಾಥಪುರದ ಹೊಗೆಸೊಪ್ಪಿನ ಹರಾಜು ಕಟ್ಟೆ, ಹಾಸನದ ಆಲೂಗೆಡ್ಡೆಯ ಮಂಡಿ, ಇಲ್ಲಿಯೂ ಲೆಕ್ಕ ಬೇಕು. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಯಾದ ಮೇಲಂತೂ ಸಣ್ಣ ಅಂಗಡಿಯವನಿಗೂ ವಿವರಪಟ್ಟಿ ಸಲ್ಲಿಸಿಕೊಡುವವನೊಬ್ಬ ಅನಿವಾರ್ಯ. ಅದನ್ನು ಬರೆಯುವ ಟ್ಯಾಲಿ ಎಂಬ ತಂತ್ರಾಂಶವು ಬೆಂಗಳೂರಿನದೇ.

ಆ ಹುಡುಗನ ವಿಷಯ. ಅವನು ಎರಡು ವರ್ಷ ಬ್ಯಾಂಕಿನ ಪರೀಕ್ಷೆಗಳನ್ನು ಬರೆದನು, ದಡ ಮುಟ್ಟಲಿಲ್ಲ. ಬೆಂಗಳೂರಿನ ಒಂದು ಕಂಪೆನಿಯವರು ಮೂರು ತಿಂಗಳು ‘ತರಬೇತಿ’ಯೆಂದು ಸಂಬಳವಿಲ್ಲದೆ ದುಡಿಸಿಕೊಂಡು, ಆಮೇಲೆ ಸ್ಥಳವಿಲ್ಲವೆಂದರು. ಅವನ ಕಾಗದವನ್ನು ಓದಿದಾಗ ತಾಲ್ಲೂಕು ಕಛೇರಿಯ ಮೂಲೆಯಲ್ಲಿ ನಕಲು ತೆಗೆಯುವವನೇ ನಮ್ಮ ಕಣ್ಣಿಗೆ ಕಟ್ಟಿದನು. ಬಾಡಿಗೆಗೆಂದು ತಂದೆಯು ಎರಡು ಹಸುಗಳಲ್ಲಿ ಒಂದನ್ನು ಮಾರಿದ್ದರಂತೆ.

ಈಗ ಅವನು ಹಾಸನದಲ್ಲಿ ಲೆಕ್ಕ ಪರಿಶೋಧಕರೊಬ್ಬರ ಕಛೇರಿಯಲ್ಲಿ ಇದ್ದಾನೆ. ಕಳೆದ ದೀಪಾವಳಿಯಲ್ಲಿ ಸಿಕ್ಕಿದಾಗ ತಂದೆಯು, “ಸಂಬಳ ಕಮ್ಮಿ ಮೇಷ್ಟ್ರೆ, ಆದ್ರೆ ಊರಿನ ಪಹಣಿ ಈಗ ಅವನೇ ಓದಿ ಹೇಳ್ತಾನೆ” ಎಂದರು. ಮಾರಿದ ಹಸುವಿನ ಬದಲಿಗೆ ಇನ್ನೊಂದನ್ನು ತಂದಿರುವುದಾಗಿಯೂ, ಅದು ಹಾಲು ಹಿಂಡಿಸಿಕೊಳ್ಳಲು ಇನ್ನೂ ಹಟ ಮಾಡುತ್ತಿದೆಯೆಂದೂ ಹೇಳಿದರು.