ಮುಂಬಯಿ ಕಡಲಿನ ಮರಳು ಲಾಬ್‌ಸ್ಟರ್

ಲಿಂಗಂಪಲ್ಲಿಯ ಕನ್ನಡಿಗರಾದ ನಮಗೆ ಪಶ್ಚಿಮದ ಕಡಲೆಂದರೆ ಒಂದು ರಾತ್ರಿಯ ರೈಲುಪಯಣದಾಚೆಯ ಮುಂಬಯಿ. ಅಲ್ಲಿ ಹದಿನಾರೇ ವರ್ಷ ಬಾಳಿದ ಮೀನುಗಾರಿಕೆಯೊಂದಿತ್ತು. ಸಿಗಡಿಗಾಗಿ ಕಡಲ ತಳವನ್ನು ಗೋರುವ ಟ್ರಾಲ್ ಬಲೆಗಳಿಗೆ 1978ರಿಂದ ಚಪ್ಪಟೆ ಮೈಯ ಮರಳು ಲಾಬ್‌ಸ್ಟರ್ ಹೇರಳವಾಗಿ ಸಿಗತೊಡಗಿತು. 1994ರ ಹೊತ್ತಿಗೆ ಬಹುಮಟ್ಟಿಗೆ ಮುಗಿದೇಹೋಯಿತು. ಹೆಣ್ಣು ಲಾಬ್‌ಸ್ಟರ್ ಮೊಟ್ಟೆಗಳನ್ನು ಹೊಟ್ಟೆಯಡಿ ಹೊತ್ತೇ ತಿರುಗುತ್ತದೆ. ತಾಯಿ ಬಲೆಗೆ ಬಿದ್ದಾಗ ಸಾವಿರಾರು ಮೊಟ್ಟೆಗಳೂ ಜೊತೆಗೇ ಹೋದವು. 1985ರಲ್ಲಿ 4,000 ಟನ್ ದಾಟಿದ್ದ ದೇಶದ ಒಟ್ಟು ಲಾಬ್‌ಸ್ಟರ್ ಉತ್ಪಾದನೆಯೂ ಆಮೇಲೆ ಕುಸಿಯಿತು.

ಅಮೆರಿಕದ ಮೇನ್ ರಾಜ್ಯದ ಮೀನುಗಾರರು ಮೊಟ್ಟೆ ಹೊತ್ತ ಹೆಣ್ಣಿನ ಬಾಲಕ್ಕೆ ಗುರುತಿನ ಕಚ್ಚು ಹಾಕಿ ಕಡಲಿಗೇ ಬಿಡುತ್ತಾರೆ. ಅಲ್ಲಿಯ ಉತ್ಪಾದನೆ 2016ರಲ್ಲಿ ಸುಮಾರು 60,000 ಟನ್ ಮುಟ್ಟಿತು. (ಈಗ ಅಲ್ಲಿಯೂ ಇಳಿಮುಖ, ನೀರು ಬಿಸಿಯೇರುತ್ತಿರುವ ಚಿಂತೆ ಬೇರೆ.)

ನಮ್ಮ ಸರಕಾರ 150 ಗ್ರಾಂಗಿಂತ ಹಗುರವಾದ ಮರಳು ಲಾಬ್‌ಸ್ಟರನ್ನು ರಫ್ತು ಮಾಡಬಾರದೆಂದದ್ದು 2003ರಲ್ಲಿ. ನಿಯಮ ಒಳ್ಳೆಯದೇ, ಆದರೆ ಅದು ರಫ್ತಿಗಷ್ಟೇ ಸೀಮಿತ. ಮುಂಬಯಿಯಲ್ಲಿ ಆ ವೇಳೆಗೆ ತೂಗಲು ಹೆಚ್ಚೇನೂ ಉಳಿದಿರಲಿಲ್ಲ.