ಗೀರು ಓದುವ ಸಿಸ್ಟರ್

ದಾಂಡೇಲಿಗೆ ರಾಫ್ಟಿಂಗ್ ಅಂತ ಹೋಗಿ ಬಂದವರಿಗೆ ಜೋಯಿಡಾ ಹೆಸರು ಗೊತ್ತಿರುತ್ತೆ. ಅಲ್ಲಿಂದ ಅಣಶಿ ಮೇಲೆ ಕಾರವಾರಕ್ಕೆ ಹೋಗೋ ರಸ್ತೆ ಹಿಡಿದರೆ ನಡುವೆ ಸಿಗೋ ಊರು ಕುಂಬಾರವಾಡ. ಉಳವಿ ಚನ್ನಬಸವಣ್ಣನ ಜಾತ್ರೆಗೆ ಹೋಗೋರಿಗೂ ಪರಿಚಯದ ಹೆಸರೇ. ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಅಲ್ಲಲ್ಲಿ ಕುಣಬಿಗಳ ಮನೆ, ಗದ್ದೆ. ವೀಕೆಂಡಿಗೆ ಹೇಳಿ ಮಾಡಿಸಿದ ಜಾಗ. ಆದರೆ ಇಲ್ಲೇ ರಾತ್ರಿ ಎರಡು ಗಂಟೆಗೆ ಯಾರಿಗಾದರೂ ಎದೆ ಹಿಂಡಿದ ಹಾಗಾಗಿ, ಎಡಗೈ ಜೋಮು ಹಿಡಿದು, ಬೆವರು ಇಳಿಯೋಕೆ ಶುರುವಾದರೆ? ಪಶ್ಚಿಮಕ್ಕೆ ಹೊರಟರೆ ಘಟ್ಟ ಇಳಿದು ಕಾರವಾರ. ಪೂರ್ವಕ್ಕೆ ಹೊರಟರೆ ಜೋಯಿಡಾ, ದಾಂಡೇಲಿ, ಆಮೇಲೆ ಧಾರವಾಡ, ಹುಬ್ಬಳ್ಳಿ. ದಾಂಡೇಲಿಯಿಂದ ಧಾರವಾಡಕ್ಕೇ ಐವತ್ತು ಕಿಲೋಮೀಟರ್ ಮೇಲಿದೆ. ಹೃದ್ರೋಗ ತಜ್ಞರು ಇರೋದು ಆ ದಾರಿಗಳ ಕೊನೆಯಲ್ಲಿ. ದಾರಿ ಶುರುವಾಗೋ ಕಡೆ ರೋಗಿಗೆ ಮೊದಲು ಸಿಗೋದು ಬಹುಮಟ್ಟಿಗೆ ಒಬ್ಬ ನರ್ಸ್.

ಆ ನರ್ಸಿಗೆ ಇಸಿಜಿ ಓದೋಕೆ ಬರಬೇಕಾ, ಓದಿದ ಮೇಲೆ ಏನಾದರೂ ಮಾಡೋ ಅಧಿಕಾರ ಇರಬೇಕಾ ಅನ್ನೋ ಪ್ರಶ್ನೆಗೆ ಅರವತ್ತು ವರ್ಷದ ಇತಿಹಾಸ ಇದೆ. ಅದು ಶುರುವಾಗಿದ್ದು ಕಾಡಿನಲ್ಲಲ್ಲ, ದೊಡ್ಡ ದೊಡ್ಡ ನಗರಗಳ ಆಸ್ಪತ್ರೆಗಳ ಒಳಗೆ.

1950ರ ದಶಕದಲ್ಲಿ ಹೃದಯಾಘಾತವಾಗಿ ಆಸ್ಪತ್ರೆ ಸೇರಿದವರಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಬ್ಬರು ಅಲ್ಲೇ ಸಾಯ್ತಿದ್ದರು. ಚಿಕಿತ್ಸೆ ಅಂದರೆ ಮುಖ್ಯವಾಗಿ ವಿಶ್ರಾಂತಿ. ವಾರಗಟ್ಟಲೆ ಮಲಗಿಸೋದು, ನೋವಿಗೆ ಮಾರ್ಫಿನ್, ಮೂಗಿಗೆ ಆಮ್ಲಜನಕ. ರೋಗಿಯನ್ನ ಸಾಮಾನ್ಯ ವಾರ್ಡಿನ ಯಾವುದೋ ಮೂಲೆಯಲ್ಲಿ, ಗದ್ದಲ ಇಲ್ಲದ ಕಡೆ ಇಡ್ತಿದ್ದರು. ಗದ್ದಲ ಇಲ್ಲದ ಕಡೆ ಅಂದರೆ ಯಾರೂ ನೋಡದ ಕಡೆ ಕೂಡ ಹೌದು. ಬೆಳಗ್ಗೆ ಸುತ್ತು ಬಂದಾಗ ಹಾಸಿಗೆಯಲ್ಲಿ ಉಸಿರು ಇರ್ತಿರಲಿಲ್ಲ.

ಹೀಗೆ ಸಾಯ್ತಿದ್ದವರಲ್ಲಿ ಬಹಳ ಜನರ ಹೃದಯ ಪೂರ್ತಿ ಕೆಟ್ಟಿರಲಿಲ್ಲ. ಲಯ ತಪ್ಪಿತ್ತು, ಅಷ್ಟೆ. ರಕ್ತ ಸಿಗದೆ ಒದ್ದಾಡೋ ಮಾಂಸಖಂಡದಲ್ಲಿ ವಿದ್ಯುತ್ ಸಂಕೇತ ದಿಕ್ಕೆಟ್ಟು, ಕೆಳಗಿನ ಕೋಣೆಗಳು ಬಡಿಯೋದು ಬಿಟ್ಟು ಸುಮ್ಮನೆ ಅದುರೋಕೆ ಶುರು ಮಾಡ್ತವೆ. ಇದಕ್ಕೆ ವೆಂಟ್ರಿಕ್ಯುಲರ್ ಫಿಬ್ರಿಲೇಶನ್ ಅಂತಾರೆ. ಹೃದಯ ಅಲುಗಾಡ್ತಿರುತ್ತೆ, ರಕ್ತ ಮಾತ್ರ ಮುಂದೆ ಹೋಗಲ್ಲ. ನಾಲ್ಕೈದು ನಿಮಿಷ ಕಳೆದರೆ ಮೆದುಳಿಗೆ ಪೆಟ್ಟು ಬೀಳೋಕೆ ಶುರುವಾಗುತ್ತೆ.

ಇದನ್ನ ತಡೆಯೋ ಸಲಕರಣೆ ಒಂದೊಂದಾಗಿ ಬಂದವು. ಎದೆಯ ಮೇಲಿಂದಲೇ ಶಾಕ್ ಕೊಟ್ಟು ಲಯ ಸರಿ ಮಾಡಬಹುದು ಅಂತ ಬಾಸ್ಟನ್ನಿನ ಪಾಲ್ ಝೋಲ್ 1956ರಲ್ಲಿ ತೋರಿಸಿದರು. 1960ರಲ್ಲಿ ಬಾಲ್ಟಿಮೋರಿನ ಕೌವೆನ್‌ಹೋವನ್, ಜೂಡ್ ಮತ್ತು ನಿಕರ್‌ಬಾಕರ್ ಎದೆ ಒತ್ತಿ ರಕ್ತ ಹರಿಸೋ ವಿಧಾನವನ್ನ ಪ್ರಕಟಿಸಿದರು. ಇವತ್ತು ನಿಮ್ಮ ಆಫೀಸಿನ ಸೇಫ್ಟಿ ಟ್ರೇನಿಂಗ್‌ನಲ್ಲಿ ಪ್ಲಾಸ್ಟಿಕ್ ಬೊಂಬೆಯ ಮೇಲೆ ಮಾಡಿಸ್ತಾರಲ್ಲ, ಅದೇ ಸಿಪಿಆರ್. 1962ರಲ್ಲಿ ಬರ್ನಾರ್ಡ್ ಲೌನ್ ಹೆಚ್ಚು ಸುರಕ್ಷಿತವಾದ ಡಿಸಿ ಶಾಕ್ ತಂದರು. ಐಂಥೋವನ್ ಕಾಲದಿಂದ ಇಸಿಜಿ ಅಂತೂ ಇದ್ದೇ ಇತ್ತು. ಎಲ್ಲ ಇದ್ದೂ ಒಂದು ತೊಡಕು ಉಳಿದಿತ್ತು. ಹೃದಯ ಅದುರೋಕೆ ಶುರುವಾದ ಕ್ಷಣದಲ್ಲಿ ಅಲ್ಲಿ ಯಾರಿರ್ತಾರೆ?

1961ರಲ್ಲಿ ಎಡಿನ್‌ಬರೋದ ಡೆಸ್ಮಂಡ್ ಜೂಲಿಯನ್ ಅನ್ನೋ ಯುವ ವೈದ್ಯ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಹೃದಯಾಘಾತದ ರೋಗಿಗಳನ್ನೆಲ್ಲ ಒಂದೇ ಕಡೆ ಇಡಿ, ಅವರ ಲಯವನ್ನ ಸದಾ ನೋಡ್ತಾ ಇರಿ, ಎದೆ ಒತ್ತೋದನ್ನ ನರ್ಸ್‌ಗಳೂ ಸೇರಿ ಎಲ್ಲ ಸಿಬ್ಬಂದಿಗೂ ಕಲಿಸಿ ಅಂತ. ಮಾರನೇ ವರ್ಷ, 1962ರ ಮೇ ತಿಂಗಳಲ್ಲಿ, ಅಮೆರಿಕದ ಕ್ಯಾನ್ಸಸ್ ಸಿಟಿಯ ಬೆಥನಿ ಆಸ್ಪತ್ರೆಯಲ್ಲಿ ಹ್ಯೂಸ್ ಡೇ ಇಂಥದ್ದೊಂದು ಘಟಕ ತೆರೆದರು. ‘ಕೋಡ್ ಬ್ಲೂ’ ಅನ್ನೋ ಕೂಗು ಬಳಕೆಗೆ ಬಂದಿದ್ದೂ ಅವರಿಂದಲೇ ಅಂತಾರೆ. ಟೊರೊಂಟೊದಲ್ಲಿ, ಸಿಡ್ನಿಯಲ್ಲಿ ಅದೇ ಹೊತ್ತಿಗೆ ಇದೇ ಕೆಲಸ ನಡೀತಿತ್ತು. ಕರೋನರಿ ಕೇರ್ ಯೂನಿಟ್, ನಮ್ಮ ಬಾಯಲ್ಲಿ ಸಿಸಿಯು, ಹುಟ್ಟಿದ್ದು ಹೀಗೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸೋದು ಫಿಲಡೆಲ್ಫಿಯಾದ ಕತೆ. ಅಲ್ಲಿನ ಪ್ರೆಸ್ಬಿಟೇರಿಯನ್ ಆಸ್ಪತ್ರೆಯಲ್ಲಿ ಲಾರೆನ್ಸ್ ಮೆಲ್ಟ್ಝರ್ ಅನ್ನೋ ವೈದ್ಯರು, ರೋಸ್ ಪಿನ್ನಿಯೊ ಅನ್ನೋ ನರ್ಸ್ ಸೇರಿ ಒಂದು ಘಟಕ ಕಟ್ಟಿದರು. ಅವರ ಲೆಕ್ಕಾಚಾರ ಸರಳ. ಡಾಕ್ಟರ್ ಬಂದು ಹೋಗ್ತಾರೆ, ಇಪ್ಪತ್ತನಾಲ್ಕು ಗಂಟೆ ಹಾಸಿಗೆ ಪಕ್ಕ ಇರೋದು ನರ್ಸ್. ಆಗಿನ ಪದ್ಧತಿಯಲ್ಲಿ ಆಕೆ ಏನಾದರೂ ಕಂಡರೆ ಓಡಿ ಡಾಕ್ಟರನ್ನ ಕರೀಬೇಕು. ಶಾಕ್ ಕೊಡೋದು ಡಾಕ್ಟರ ಕೆಲಸ. ಡಾಕ್ಟರ್ ಅದೇ ಕಟ್ಟಡದಲ್ಲಿದ್ದರೂ ಕಾರಿಡಾರ್ ದಾಟಿ ಬರೋ ಹೊತ್ತಿಗೆ ಕಾಲ ಮೀರಿರ್ತಿತ್ತು. ಹಾಗಾಗಿ ನರ್ಸಿಗೇ ಲಯ ಓದೋದು ಕಲಿಸಬೇಕು, ಅದುರುವಿಕೆ ಕಂಡ ತಕ್ಷಣ ಆಕೆಯೇ ಶಾಕ್ ಕೊಡಬೇಕು ಅಂತ ಇವರು ತೀರ್ಮಾನಿಸಿದರು. 1965ರಲ್ಲಿ ಮೆಲ್ಟ್ಝರ್, ಪಿನ್ನಿಯೊ ಮತ್ತು ಕಿಚೆಲ್ ಸೇರಿ ನರ್ಸ್‌ಗಳಿಗಾಗಿಯೇ ಹೃದಯ ತೀವ್ರ ನಿಗಾದ ಕೈಪಿಡಿ ತಂದರು.

ಇವತ್ತು ಇದು ಸಹಜ ಅನಿಸುತ್ತೆ. ಆಗ ಹಾಗಿರಲಿಲ್ಲ. ರೋಗ ಗುರುತಿಸೋದು ವೈದ್ಯರ ಹಕ್ಕು, ಹೇಳಿದ್ದು ಮಾಡೋದು ನರ್ಸ್ ಕೆಲಸ ಅನ್ನೋ ಗೆರೆ ಗಟ್ಟಿಯಾಗಿತ್ತು. ಮಾನಿಟರಿನ ಮೇಲೆ ಓಡೋ ಹಸಿರು ಗೆರೆ ಆ ಗೆರೆಯನ್ನ ಅಳಿಸ್ತು. 1967ರಲ್ಲಿ ನ್ಯೂಯಾರ್ಕಿನ ಕಿಲಿಪ್ ಮತ್ತು ಕಿಂಬಲ್ ತಮ್ಮ ಘಟಕದ 250 ರೋಗಿಗಳ ಅನುಭವ ಬರೆದರು. ಅದರಿಂದ ಹೊರಟ ಪಾಠ ಅಂದರೆ, ಮಾನಿಟರ್ ತಂದಿಟ್ಟ ಮಾತ್ರಕ್ಕೆ ಸಾವು ಕಡಿಮೆ ಆಗಲ್ಲ. ನೋಡ್ತಿರೋ ಕೈಗೇ ಚಿಕಿತ್ಸೆ ಶುರು ಮಾಡೋ ಅನುಮತಿ ಸಿಕ್ಕಾಗ ಆಗುತ್ತೆ. ಮುಂದೆ ಸಿಸಿಯು ಇದ್ದ ಆಸ್ಪತ್ರೆಗಳಲ್ಲಿ ಹೃದಯಾಘಾತದ ಸಾವು ಸುಮಾರು ಅರ್ಧಕ್ಕೆ ಇಳಿಯಿತು.

ಅಷ್ಟಕ್ಕೂ ಆ ನರ್ಸ್‌ಗಳಿಗೆ ಕಲಿಸಿದ್ದೇನು? ಇವತ್ತಿಗೂ ಪಾಠ ಶುರುವಾಗೋದು ಕಾಗದದಿಂದ. ಇಸಿಜಿ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತೆ. ಹಾಗಾಗಿ ಒಂದು ಚಿಕ್ಕ ಚೌಕ ಅಂದರೆ 0.04 ಸೆಕೆಂಡ್, ಐದು ಚಿಕ್ಕ ಚೌಕದ ಒಂದು ದೊಡ್ಡ ಚೌಕ ಅಂದರೆ 0.2 ಸೆಕೆಂಡ್. ಎರಡು ಎತ್ತರದ ಗೀರುಗಳ ನಡುವೆ ಎಷ್ಟು ದೊಡ್ಡ ಚೌಕ ಇದೆ ಎಣಿಸಿ, 300ನ್ನ ಅದರಿಂದ ಭಾಗಿಸಿ. ನಾಲ್ಕು ಚೌಕ ಇದ್ದರೆ ನಿಮಿಷಕ್ಕೆ 75 ಬಡಿತ. ಆಮೇಲೆ ಪಿ ಅಲೆ ಇದೆಯಾ, ಪ್ರತಿ ಪಿ ಹಿಂದೆ ಕ್ಯುಆರ್‌ಎಸ್ ಬರ್ತಿದೆಯಾ, ಅದು ಸಣ್ಣಗಿದೆಯಾ ಅಗಲ ಆಗಿದೆಯಾ ಅಂತ ನೋಡಬೇಕು. ಕ್ಯುಆರ್‌ಎಸ್ ಮುಗಿದ ಮೇಲಿನ ಎಸ್‌ಟಿ ಭಾಗ ಮಟ್ಟದಿಂದ ಮೇಲೆದ್ದಿದ್ದರೆ, ರಕ್ತನಾಳವೊಂದು ಪೂರ್ತಿ ಕಟ್ಟಿದೆ ಅನ್ನೋ ಎಚ್ಚರಿಕೆ. ವೈದ್ಯರು ಸ್ಟೆಮಿ ಅನ್ನೋದು ಇದನ್ನೇ.

ತರಬೇತಿಯಲ್ಲಿ ಹೇಳೋ ಇನ್ನೊಂದು ಮಾತು, ಮೊದಲು ರೋಗಿಯನ್ನ ನೋಡು, ಆಮೇಲೆ ಮಾನಿಟರ್. ರೋಗಿ ಹಾಸಿಗೆ ಮೇಲೆ ಕೂತು ಹಲ್ಲುಜ್ಜುತಾ ಇದ್ದರೆ ಮಾನಿಟರಿನಲ್ಲಿ ಥೇಟ್ ಪ್ರಾಣಾಪಾಯದ ಲಯದಂಥ ಗೀರು ಬರುತ್ತೆ. ಅವರ ಮೇಲೆ ಎಗರಿ ಎದೆ ಒತ್ತೋಕೆ ಹೋದರೆ ಬ್ರಷ್ ಬಾಯಲ್ಲಿಟ್ಟುಕೊಂಡೇ ಬೈತಾರೆ. (ನಿಮ್ಮ ಕೈಯಲ್ಲಿರೋ ಸ್ಮಾರ್ಟ್‌ವಾಚ್ ತೋರಿಸೋ ಇಸಿಜಿ ಒಂದೇ ಕೋನದ್ದು. ಅದು ಲಯದ ಕೆಲವು ಏರುಪೇರು ಹೇಳಬಹುದು, ಹೃದಯಾಘಾತ ಇಲ್ಲ ಅನ್ನೋ ಸರ್ಟಿಫಿಕೇಟ್ ಕೊಡಲ್ಲ. ಎದೆ ನೋವು ಬಂದಾಗ ವಾಚ್ ನೋಡಿ ಸಮಾಧಾನ ಮಾಡ್ಕೊಂಡು ಮಲಗಬೇಡಿ.)

ನಮ್ಮಲ್ಲಿ ಸಿಸಿಯು ಬೆಳೆದಿದ್ದು ದೊಡ್ಡ ಊರುಗಳಲ್ಲಿ. ಬೆಂಗಳೂರಿನ ಜಯದೇವ ಸಂಸ್ಥೆ 1970ರ ದಶಕದ್ದು, ಮೈಸೂರು, ಕಲಬುರಗಿಯ ಶಾಖೆಗಳು ಈ ಶತಮಾನದವು. ಅದನ್ನ ಹಳ್ಳಿ ಕಡೆ ಒಯ್ಯೋ ದೊಡ್ಡ ಪ್ರಯತ್ನ ನಡೆದಿದ್ದು ಚಾಮರಾಜನಗರದಲ್ಲಿ. 2001–02ರ ಹೊತ್ತಿಗೆ ಇಸ್ರೋ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯವನ್ನ ಚಾಮರಾಜನಗರ ಜಿಲ್ಲಾ ಆಸ್ಪತ್ರೆ, ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆ ಜೊತೆ ಜೋಡಿಸಿದರು. ಹೃದಯ ತಜ್ಞ ಬೆಂಗಳೂರಿನಲ್ಲಿ, ರೋಗಿ ಅಲ್ಲಿ, ನಡುವೆ ಆಕಾಶದಲ್ಲೊಂದು ಉಪಗ್ರಹ. ಸರಗೂರು ನಮ್ಮ ಜೋಯಿಡಾಕ್ಕೆ ತುಂಬ ಹತ್ತಿರದ ನೆಂಟ. ಅಲ್ಲಿ ಕಬಿನಿ ಅಣೆಕಟ್ಟು, ಇಲ್ಲಿ ಸೂಪಾ. ಅಲ್ಲೂ ಹುಲಿ ಕಾಡು, ಇಲ್ಲೂ ಹುಲಿ ಕಾಡು. ಅಲ್ಲಿ ಜೇನುಕುರುಬರು, ಇಲ್ಲಿ ಕುಣಬಿ, ಗೌಳಿಗಳು.

ಉಪಗ್ರಹ ಮಾಡ್ತಿದ್ದ ಕೆಲಸವನ್ನ ಆಮೇಲೆ ವಾಟ್ಸಾಪ್ ಮಾಡ್ತು. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಬಳಗ ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಹಂಚಿ, ಗ್ರೂಪಿಗೆ ಬಂದ ಇಸಿಜಿ ನೋಡಿ ತಕ್ಷಣ ಸಲಹೆ ಕೊಡೋ ಪದ್ಧತಿ ಕಟ್ಟಿತು. ಗುಡ್ಡದ ಆಚೆ ಗೋವಾದಲ್ಲಿ 2018ರಿಂದ ಸ್ಟೆಮಿ ಯೋಜನೆ ಇದೆ. 2021ರ ಅಕ್ಟೋಬರ್ 29ಕ್ಕೆ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗ ಇಡೀ ರಾಜ್ಯ ಎದೆ ಮುಟ್ಟಿ ನೋಡಿಕೊಂಡಿತು. 2023ರಲ್ಲಿ ಅವರ ಹೆಸರಿನಲ್ಲೇ ಸರ್ಕಾರ ‘ಹೃದಯ ಜ್ಯೋತಿ’ ಶುರು ಮಾಡ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಗೆ ಕಳಿಸೋದು, ಅಲ್ಲಿಂದ ಹೂಂ ಅಂದರೆ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡೋದು. ಇಂಥ ಜಾಲದಿಂದ ಪ್ರಯೋಜನ ಇದೆಯಾ ಅಂದರೆ, ತಮಿಳುನಾಡಿನಲ್ಲಿ 2,420 ರೋಗಿಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ವರ್ಷದೊಳಗೆ ಸಾಯೋರ ಪ್ರಮಾಣ ಶೇ 17.6ರಿಂದ 14.2ಕ್ಕೆ ಇಳಿದಿತ್ತು.

ಉತ್ತರ ಕನ್ನಡದಲ್ಲಿ ಈ ಚರ್ಚೆ ಬಿಸಿ ಇರೋದಕ್ಕೆ ಕಾರಣ ಇದೆ. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರದ ಕಡೆ ಹೊರಟಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನೋ ಕೂಗು ಆಮೇಲೆ ಜೋರಾಯ್ತು. ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ನಾಳೆ ಬೆಳಗ್ಗೆ ಕಾರವಾರದಲ್ಲೇ ಎದ್ದು ನಿಂತರೂ ಕುಂಬಾರವಾಡದ ರೋಗಿಗೆ ಅಣಶಿ ಘಟ್ಟ ಇಳಿಯೋದು ತಪ್ಪಲ್ಲ. ರೋಗಿ ಸಿಕ್ಕ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು, ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಸಾಧ್ಯ ಇಲ್ಲ ಅಂದರೆ ಇಂಜೆಕ್ಷನ್ ಮೊದಲು ಕೊಡಬೇಕು ಅನ್ನೋದು ಜಗತ್ತಿನಾದ್ಯಂತ ಒಪ್ಪಿದ ನಿಯಮ. ಆ ಹತ್ತು ನಿಮಿಷ ಯಾವ ತಜ್ಞರ ಕೈಯಲ್ಲೂ ಇಲ್ಲ.

ಫೋನಿನಲ್ಲಿ ತಜ್ಞರು ಇದ್ದಾರಲ್ಲ, ನರ್ಸ್ ಯಾಕೆ ಓದಬೇಕು ಅಂತ ಕೇಳೋರು ಇದ್ದಾರೆ. ನೆಟ್‌ವರ್ಕ್ ಹೋದ ರಾತ್ರಿ ಈ ಪ್ರಶ್ನೆ ಕೇಳಬೇಕು. ಕಾಡಿನ ನಡುವಿನ ಊರುಗಳಲ್ಲಿ ಅಂಥ ರಾತ್ರಿಗಳಿಗೆ ಬರ ಇಲ್ಲ. ನೆಟ್‌ವರ್ಕ್ ಇದ್ದರೂ ಆಂಬುಲೆನ್ಸ್ ಒಳಗೆ ಲಯ ತಪ್ಪಿದರೆ ಫೋಟೋ ಕಳಿಸಿ ಬ್ಲೂ ಟಿಕ್ ಬರೋ ತನಕ ಕಾಯೋಕಾಗಲ್ಲ. ಫಿಲಡೆಲ್ಫಿಯಾದಲ್ಲಿ ಕಾರಿಡಾರ್ ಇತ್ತು, ನಮ್ಮಲ್ಲಿ ಘಟ್ಟ ಇದೆ, ಅಷ್ಟೇ ವ್ಯತ್ಯಾಸ. ನಮ್ಮ ಸರ್ಕಾರ ಸ್ಟಾಫ್ ನರ್ಸ್ ಅನ್ನೋ ಹುದ್ದೆಯನ್ನ ಶುಶ್ರೂಷಾಧಿಕಾರಿ ಅಂತ ಬದಲಾಯಿಸಿದೆ. ಹೆಸರಲ್ಲಿ ಅಧಿಕಾರಿ ಬಂತು, ಸಂತೋಷ. ಯಾವ ಲಯ ಕಂಡರೆ ಯಾರನ್ನೂ ಕೇಳದೆ ಏನು ಮಾಡಬಹುದು ಅನ್ನೋದನ್ನ ಬರೆದ ಆದೇಶವಾಗಿ ಕೊಟ್ಟು, ಅದಕ್ಕೆ ತಕ್ಕ ತರಬೇತಿಯನ್ನ ವರ್ಷವರ್ಷ ಮರುಕಳಿಸದೇ ಇದ್ದರೆ ಆ ಅಧಿಕಾರ ಬೋರ್ಡಿನ ಮೇಲೇ ಉಳಿಯುತ್ತೆ. ಎರಡು ದಿನದ ಕಾರ್ಯಾಗಾರ, ಒಂದು ಗ್ರೂಪ್ ಫೋಟೋ ಇದಕ್ಕೆ ಸಾಲಲ್ಲ. ಗೀರು ಓದೋದು ಮರೆತುಹೋಗೋ ವಿದ್ಯೆ.

ಮತ್ತೆ, ತಜ್ಞರು ಓದೋ ಇಸಿಜಿ ಹುಟ್ಟೋದೇ ನರ್ಸ್ ಬೆರಳಿನಿಂದ. ಎದೆಯ ಮೇಲಿನ ಮೊದಲ ಎಲೆಕ್ಟ್ರೋಡ್ ಎದೆಮೂಳೆಯ ಬಲಕ್ಕೆ, ನಾಲ್ಕನೇ ಪಕ್ಕೆಸಂದಿಯಲ್ಲಿ ಕೂರಬೇಕು. ಕಣ್ಣಳತೆಯಲ್ಲಿ ಆಗಲ್ಲ, ಬೆರಳಿಟ್ಟು ಪಕ್ಕೆಲುಬು ಎಣಿಸಬೇಕು. ಒಂದು ಸಂದಿ ಮೇಲೆ ಹೋದರೆ ಗೀರಿನ ಆಕಾರ ಬದಲಾಗಿ, ಹುಬ್ಬಳ್ಳಿಯಲ್ಲಿ ಕೂತವರು ಇಲ್ಲದ ರೋಗ ಕಾಣಬಹುದು, ಇರೋ ರೋಗ ಬಿಡಬಹುದು. ಇಂಜೆಕ್ಷನ್‌ಗೆ ಮೊದಲು ಇತ್ತೀಚೆಗೆ ಪಾರ್ಶ್ವವಾಯು ಆಗಿತ್ತಾ, ಆಪರೇಷನ್ ಆಗಿತ್ತಾ, ಎಲ್ಲಾದರೂ ರಕ್ತ ಹೋಗ್ತಿದೆಯಾ ಅಂತ ಕೇಳಬೇಕು. ಜೋಯಿಡಾದ ಕಡೆ ಆ ಪ್ರಶ್ನೆಗಳನ್ನ ಎಷ್ಟೋ ಮನೆಯವರಿಗೆ ಕೊಂಕಣಿಯಲ್ಲೇ ಕೇಳಬೇಕಾಗುತ್ತೆ. ಹೆಣ್ಣುಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಎಲೆಕ್ಟ್ರೋಡ್ ಹಚ್ಚೋಕೆ ಕುಪ್ಪಸ ಬಿಚ್ಚಬೇಕು, ಕೆಲವನ್ನ ಸ್ತನದ ಕೆಳಗೆ ಹಚ್ಚಬೇಕು. ಎದುರಿಗೆ ಗಂಡಸು ಟೆಕ್ನಿಷಿಯನ್ ನಿಂತಿದ್ದರೆ ಅರವತ್ತು ದಾಟಿದ ಅಜ್ಜಿ ಸೆರಗು ಬಿಗಿ ಹಿಡಿದು, ಏನಿಲ್ಲ, ಬರೀ ಗ್ಯಾಸು, ಮನೆಗೆ ಹೋಗೋಣ ಅಂದುಬಿಡ್ತಾಳೆ. ಬಾಗಿಲಿಗೆ ಪರದೆ ಎಳೆದು, ಅವಳ ಮಾತಲ್ಲೇ ಎರಡು ಮಾತಾಡಿ, ಪಕ್ಕೆಲುಬು ಎಣಿಸಿ ಆರೂ ಎಲೆಕ್ಟ್ರೋಡ್ ಸರಿಯಾಗಿ ಹಚ್ಚೋ ಸಿಸ್ಟರ್ ಇದ್ದರೆ ಮಾತ್ರ ಅಜ್ಜಿಯ ಇಸಿಜಿ ಹುಬ್ಬಳ್ಳಿ ಮುಟ್ಟುತ್ತೆ.