ನಂಜನಗೂಡಿನ ಅಂಧಕಾಸುರ ಮತ್ತು ದೂರದರ್ಶನದ ಶಕ್ತಿಮಾನ್

1997ರ ಸೆಪ್ಟೆಂಬರಿನಲ್ಲಿ ದೂರದರ್ಶನದಲ್ಲಿ ‘ಶಕ್ತಿಮಾನ್’ ಎಂಬ ಹಿಂದಿ ಧಾರಾವಾಹಿ ಆರಂಭವಾಗಿ 2005ರ ಮಾರ್ಚಿನವರೆಗೆ, ಎಂದರೆ ಏಳೂವರೆ ವರ್ಷ ನಡೆಯಿತು. ಆ ವರ್ಷಗಳಲ್ಲಿ ತಿರುಮಕೂಡಲು ನರಸೀಪುರದ ಸೀಮೆಯ ಪ್ರೌಢಶಾಲೆಯಲ್ಲಿ ನನ್ನೆದುರು ಬೆಂಚಿನ ಮೇಲೆ ಕುಳಿತಿದ್ದವರಿಗೆ ಹೆಚ್ಚು ವಿವರಣೆ ಬೇಕಿಲ್ಲ. ಬಲಗೈ ಮೇಲೆತ್ತಿ ಬುಗುರಿಯಂತೆ ಗಿರಗಿರನೆ ಸುತ್ತಿ ಮೈದಾನದ ಧೂಳೆಬ್ಬಿಸಿದವರು ನೀವೇ ಅಲ್ಲವೇ? ನನ್ನನ್ನು ಆಗ ಕಾಡಿದ ಪ್ರಶ್ನೆ ಬೇರೆಯದು. ಹಿಂದಿ ಪಾಠದಲ್ಲಿ ಎರಡು ವಾಕ್ಯ ಓದಲು ತಿಣುಕುತ್ತಿದ್ದ ಹುಡುಗರಿಗೆ ಆ ಕಥೆ ಇಷ್ಟು ಸಲೀಸಾಗಿ ಹೇಗೆ ಅರ್ಥವಾಗುತ್ತಿತ್ತು? ಆ ಕಥೆ ಅವರಿಗೆ ಮೊದಲೇ ಗೊತ್ತಿತ್ತು ಎಂಬುದೇ ನನಗೆ ತೋಚಿದ ಉತ್ತರ.

ಶಕ್ತಿಮಾನನ ಉಡುಪು, ಕನ್ನಡಕ ಹಾಕಿದ ಇನ್ನೊಂದು ಮುಖ ಇವೆಲ್ಲ 1938ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸೂಪರ್‌ಮ್ಯಾನನಿಂದ ಬಂದ ಸಾಲವೆಂಬುದು ಸ್ಪಷ್ಟ. ಆದರೆ ಸೂಪರ್‌ಮ್ಯಾನನ ಬಲ ಹುಟ್ಟಿನಿಂದ ಬಂದದ್ದು. ಅವನು ಬೇರೊಂದು ಗ್ರಹದ ಕೂಸು. ನಮ್ಮವನ ಬಲ ಸಾಧನೆಯಿಂದ ಬಂದದ್ದು. ಸೂರ್ಯಾಂಶಿಗಳೆಂಬ ಋಷಿಗಳ ಮಾರ್ಗದರ್ಶನದಲ್ಲಿ ಕುಂಡಲಿನಿಯನ್ನು ಎಚ್ಚರಿಸಿ, ಸಪ್ತಚಕ್ರಗಳನ್ನು ಗೆದ್ದು, ಪಂಚಭೂತಗಳಿಂದ ಶಕ್ತಿ ಪಡೆದವನು ಅವನು. ವಿಜ್ಞಾನದ ಅಂಗಿ ತೊಡಿಸಿದ ತಪಸ್ವಿ ಎನ್ನಬಹುದು. ಪಾತ್ರಧಾರಿ ಮುಕೇಶ್ ಖನ್ನಾ 1988ರಿಂದ 1990ರವರೆಗೆ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ದಲ್ಲಿ ಭೀಷ್ಮನಾಗಿದ್ದವರು. ಆ ಬ್ರಹ್ಮಚಾರಿ ಪಿತಾಮಹನ ಗಾಂಭೀರ್ಯವೇ ಅವರ ಜೊತೆಗೆ ಇಲ್ಲಿಗೂ ನಡೆದು ಬಂದಿತು. ಕಂತಿನ ಕೊನೆಯಲ್ಲಿ ಮಕ್ಕಳಿಗೆ ಹಲ್ಲುಜ್ಜಿ, ಸುಳ್ಳಾಡಬೇಡಿ ಎಂದು ಅವರು ಹೇಳಿದರೆ ಕೇಳುತ್ತಿದ್ದರು. ನಾನು ಹೇಳಿದರೆ ಕೇಳುತ್ತಿರಲಿಲ್ಲ!

ಇನ್ನು ಮಾರುವೇಷ. ಉಬ್ಬುಹಲ್ಲಿನ, ಪೆದ್ದನಂತೆ ಕಾಣುವ ಪತ್ರಿಕಾ ಛಾಯಾಗ್ರಾಹಕನೇ ಶಕ್ತಿಮಾನ್. ಅವನ ಪೂರ್ಣ ಹೆಸರು ಪಂಡಿತ ಗಂಗಾಧರ ವಿದ್ಯಾಧರ ಮಾಯಾಧರ ಓಂಕಾರನಾಥ ಶಾಸ್ತ್ರಿ. ಗಂಗಾಧರನೆಂದರೆ ಶಿವನೇ. ವಿರಾಟನ ಅರಮನೆಯಲ್ಲಿ ಬೃಹನ್ನಳೆಯಾದ ಅರ್ಜುನನನ್ನು ನಮ್ಮೂರಿನ ನಾಟಕಗಳಲ್ಲಿ ಕಂಡವರಿಗೆ ಇದು ಹೊಸತೇ? ನಮ್ಮ ಸೀಮೆಯ ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಥೆಯಲ್ಲಂತೂ ಗುರುವು ಕಲ್ಯಾಣಕ್ಕೆ ಬರುವುದೇ ಜನ ಮೂಗು ಮುಚ್ಚಿಕೊಳ್ಳುವ ಕುಷ್ಠರೋಗಿಯ ರೂಪದಲ್ಲಿ. ಆದರೆ ಒಂದು ಅಂತರವಿದೆ. ಗಂಗಾಧರ ತನ್ನನ್ನು ಬಚ್ಚಿಟ್ಟುಕೊಳ್ಳಲು ವೇಷ ಹಾಕಿದರೆ, ಮಂಟೇಸ್ವಾಮಿ ನೋಡುವವರ ಭಕ್ತಿಯನ್ನು ಒರೆಗೆ ಹಚ್ಚಲು ಹಾಕುತ್ತಾನೆ. ಎರಡನೆಯದು ದೊಡ್ಡ ಕಲ್ಪನೆಯೆಂದು ನನ್ನ ಭಾವನೆ.

ಈಗ ಖಳನಾಯಕನ ವಿಚಾರ. ಅವನ ಹೆಸರು ತಮ್‌ರಾಜ್ ಕಿಲ್ವಿಷ್. ಸಂಸ್ಕೃತದಲ್ಲಿ ‘ಕಿಲ್ಬಿಷ’ ಎಂದರೆ ಪಾಪ, ‘ತಮಸ್’ ಎಂದರೆ ಕತ್ತಲೆ. ಕತ್ತಲೆಯ ದೊರೆ, ಪಾಪವೇ ಮೈವೆತ್ತವನು. ಹಾಗಾದರೆ ಇವನಿಗೂ ನಂಜನಗೂಡಿಗೂ ಏನು ನಂಟು? ಧನುರ್ಮಾಸದಲ್ಲಿ ಅಲ್ಲಿನ ರಾಕ್ಷಸ ಮಂಟಪದ ವೃತ್ತದಲ್ಲಿ ಅಂಧಕಾಸುರ ಸಂಹಾರವೆಂಬ ಆಚರಣೆ ನಡೆಯುತ್ತದೆ. ರಂಗೋಲಿಯಲ್ಲಿ ಅಸುರನ ಚಿತ್ರ ಬಿಡಿಸುತ್ತಾರೆ. ಶ್ರೀಕಂಠೇಶ್ವರನ ಉತ್ಸವಮೂರ್ತಿ ಬಂದಾಗ ಭಕ್ತರು ಅದನ್ನು ಕಾಲಿನಿಂದ ತುಳಿದು ಅಳಿಸುತ್ತಾರೆ. ಅಂಧಕನೆಂದರೂ ಕತ್ತಲೆಯೇ. ಪಾರ್ವತಿ ವಿನೋದಕ್ಕೆ ಶಿವನ ಕಣ್ಣು ಮುಚ್ಚಿದಾಗ ಕವಿದ ಕತ್ತಲೆಯಲ್ಲಿ ಹುಟ್ಟಿದ ಕುರುಡು ಮಗು ಅವನು. ಅವನೂ ತಪಸ್ಸು ಮಾಡಿಯೇ ಬಲ ಪಡೆದವನು. ನರಸೀಪುರದ ಸಂಗಮದಲ್ಲಿ ಗುಂಜಾ ನರಸಿಂಹನಿಗೆ ಕೈಮುಗಿಯುವಾಗ ನೆನಪಾಗುವ ಹಿರಣ್ಯಕಶಿಪುವೂ ಅಷ್ಟೆ, ತಪಸ್ವಿಯೇ. ದೇವರಿಗೂ ದಾನವರಿಗೂ ಬಲದ ಮೂಲ ಒಂದೇ ಎಂದು ಪುರಾಣ ಒಪ್ಪಿಕೊಳ್ಳುತ್ತದೆ. ಅಲ್ಲದೆ ಶಿವನ ತ್ರಿಶೂಲದ ತುದಿಯಲ್ಲಿ ಅಂಧಕನು ಪಶ್ಚಾತ್ತಾಪಪಟ್ಟು, ಕ್ಷಮೆ ಪಡೆದು, ಭೃಂಗಿಯೆಂಬ ಹೆಸರಿನಿಂದ ಶಿವಗಣಗಳಲ್ಲಿ ಒಬ್ಬನಾದನೆಂದೂ ಪುರಾಣವೊಂದು ಹೇಳುತ್ತದೆ. ಕಿಲ್ವಿಷನಿಗೆ ಅಂಥ ಬಾಗಿಲನ್ನು ಧಾರಾವಾಹಿ ತೆರೆಯಲಿಲ್ಲ. ಅವನು ಬರಿಯ ಕತ್ತಲೆ. ಬರೆದವರಿಗೆ ಅದು ಸುಲಭವೂ ಹೌದು, ವಾರವಾರವೂ ಕಥೆ ಮುಂದುವರಿಯಬೇಕಲ್ಲ.

ಇಂಗ್ಲೆಂಡಿನ ಬಿಬಿಸಿಯಲ್ಲಿ 1963ರ ನವೆಂಬರ್ 23ರಂದು ಆರಂಭವಾದ ‘ಡಾಕ್ಟರ್ ಹೂ’ ಧಾರಾವಾಹಿಯ ನಾಯಕನಿಗೆ ವೈದ್ಯನೆಂಬ ಬಿರುದೇ ಹೆಸರು. ಮೊದಲ ನಟ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೆಟ್ಟಾಗ, 1966ರಲ್ಲಿ, ನಾಯಕನು ಹಳೆಯ ದೇಹ ಬಿಟ್ಟು ಹೊಸ ದೇಹ ತಳೆದನೆಂದು ಕಥೆ ಹೊಸೆದರು. ದಶಾವತಾರ ಬಲ್ಲ ನಮಗೆ ಇದು ಅಚ್ಚರಿಯಲ್ಲ. ನಮ್ಮ ನಂಜುಂಡನೂ ವೈದ್ಯನೇ. ಟಿಪ್ಪು ಸುಲ್ತಾನನ ಆನೆಯ ಕಣ್ಣು ಇವನ ದಯೆಯಿಂದ ಗುಣವಾಯಿತೆಂದೂ, ಸುಲ್ತಾನನು ಪಚ್ಚೆಯ ಲಿಂಗವನ್ನರ್ಪಿಸಿ ಹಕೀಂ ನಂಜುಂಡನೆಂದು ಕರೆದನೆಂದೂ ಪ್ರತೀತಿ. ಹಾಲಾಹಲವನ್ನು ಉಗುಳದೆ, ನುಂಗಿಬಿಡದೆ ಕಂಠದಲ್ಲೇ ತಡೆದವನಿಗೆ ಒಪ್ಪುವ ಬಿರುದು.

ಶಕ್ತಿಮಾನ್ ಬಂದು ಕಾಪಾಡುತ್ತಾನೆಂದು ನಂಬಿ ಮಕ್ಕಳು ಅಪಾಯಕ್ಕೆ ಒಡ್ಡಿಕೊಂಡ ಸುದ್ದಿಗಳು ಆಗ ಪತ್ರಿಕೆಗಳಲ್ಲಿ ಬಂದವು. ಖನ್ನಾ ಅವರೇ ತೆರೆಯ ಮೇಲೆ ಬಂದು ಇಂಥ ಸಾಹಸ ಬೇಡವೆಂದು ಎಚ್ಚರಿಸಿದರು. ನಂಜುಂಡನ ಕಥೆ ಕೇಳಿ ವಿಷ ಕುಡಿದ ಮಗುವನ್ನು ನಾನು ಕಂಡಿಲ್ಲ. ಆ ಕಥೆಯನ್ನು ಅಜ್ಜಿಯ ಮಡಿಲಲ್ಲಿ ಕುಳಿತು ಕೇಳುತ್ತಿದ್ದರು, ಅನುಮಾನ ಬಂದರೆ ಅಲ್ಲೇ ಪ್ರಶ್ನಿಸುತ್ತಿದ್ದರು. ದೂರದರ್ಶನದ ಪೆಟ್ಟಿಗೆಗೆ ಕಿವಿಯಿಲ್ಲ.

ಹಾಗೆಂದು ಹಳೆಯ ಕಥೆಗಳು ತಣ್ಣಗೆ ಮಲಗಿವೆಯೆಂದಲ್ಲ. 2023ರ ಡಿಸೆಂಬರಿನಲ್ಲಿ ಅದೇ ರಾಕ್ಷಸ ಮಂಟಪದ ಬಳಿ, ತುಳಿಯುತ್ತಿರುವುದು ಮಹಿಷಾಸುರನ ಚಿತ್ರವೆಂದು ದಲಿತ ಸಂಘಟನೆಯವರು ಆಕ್ಷೇಪಿಸಿದರು; ಅಲ್ಲ, ಅಂಧಕನೆಂದು ಭಕ್ತರು ವಾದಿಸಿದರು; ಗಲಾಟೆಯಾಯಿತು. ಯಾರನ್ನು ಅಸುರನೆಂದು ಬರೆಯುತ್ತೇವೆ, ಯಾರ ಕಾಲಡಿಗೆ ಹಾಕುತ್ತೇವೆ ಎಂಬುದು ಇತಿಹಾಸದ ಪ್ರಶ್ನೆಯೂ ಹೌದು. ಕೇಳಿದವರನ್ನು ಗದರಿಸುವುದು ಉತ್ತರವಲ್ಲ.

2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ದಿನಗಳಲ್ಲಿ, ದೂರದರ್ಶನ ಶಕ್ತಿಮಾನನನ್ನು ಮರುಪ್ರಸಾರ ಮಾಡಿತು. ಹಳೆಯ ಶಿಷ್ಯನೊಬ್ಬ ಫೋನು ಮಾಡಿ, “ಸಾರ್, ಕಿಲ್ವಿಷ್ ಯಾಕೆ ಕೆಟ್ಟೋನಾದ ಅಂತ ಮಗಳು ಕೇಳ್ತಾಳೆ, ಏನು ಹೇಳಲಿ?” ಎಂದ. ಅಂಧಕನ ಕಥೆಯನ್ನು ಮೊದಲಿನಿಂದ ಹೇಳತೊಡಗಿದೆ. ಭೃಂಗಿಯ ಭಾಗಕ್ಕೆ ಬರುವಷ್ಟರಲ್ಲಿ ಅವನ ಮೊಬೈಲಿನ ಚಾರ್ಜು ಮುಗಿಯಿತು. ಅರ್ಧ ಗಂಟೆಯ ಮೇಲೆ ಮತ್ತೆ ಕರೆ ಬಂದಿತು. ಈ ಸಲ ಮಾತಾಡಿದವಳು ಮಗಳೇ.